ಹಳೇ ತೊಟ್ಟಿ ಮನೆಯನ್ನು ಊರಿನ ಮ್ಯೂಸಿಯಂ ಮಾಡುವುದು ಹೇಗೆ?

ಹಳ್ಳಿಮನೆ:
ಶಿಡ್ಲಘಟ್ಟದ ಹತ್ತಿರ ನಮ್ಮ ತಾತನ ಕಾಲದ ತೊಟ್ಟಿ ಮನೆ ಇದೆ. ಈಗ ಅಲ್ಲಿ ಯಾರೂ ಇಲ್ಲ. ಅಟ್ಟದ ತುಂಬ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಕಾಳು ಅಳೆಯುವ ಸೇರು, ಕೊಳಗ, ಬಾವಿಯಿಂದ ನೀರೆತ್ತುವ ಕಪಿಲೆ ಬಾನಿ, ಜೊತೆಗೆ ಒಂದು ಪೆಟ್ಟಿಗೆ ಹಳೇ ಕಂದಾಯ ರಸೀದಿ. ಚಿಕ್ಕಪ್ಪ ಮಾರಿಬಿಡೋಣ ಅಂತಾರೆ. ನನಗೆ ಮ್ಯೂಸಿಯಂ ಮಾಡುವ ಆಸೆ. ಎಲ್ಲಿಂದ ಶುರು ಮಾಡಲಿ?

ಮಾಲೂರಿನವ:
ಮೊದಲು ಖಾತೆ ಯಾರ ಹೆಸರಲ್ಲಿದೆ ನೋಡಿ. ತಾತನ ಹೆಸರಲ್ಲೇ ಇದ್ದರೆ ಚಿಕ್ಕಪ್ಪ, ಅತ್ತೆಯಂದಿರು ಎಲ್ಲರ ಒಪ್ಪಿಗೆಯೂ ಬೇಕು, ಅದೂ ಬರವಣಿಗೆಯಲ್ಲಿ. ಬಾಯಿಮಾತಿಗೆ ಹೂಂ ಅಂದವರೇ ನಾಲ್ಕು ಜನ ಬರೋಕೆ ಶುರುವಾದ ಮೇಲೆ ಪಾಲು ಕೇಳುತ್ತಾರೆ. ಟ್ರಸ್ಟ್ ಮಾಡಿ, ಅದರ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಮನೆ ಬರೆದುಕೊಡಲು ಮನಸ್ಸಿಲ್ಲ ಅಂದರೆ ಟ್ರಸ್ಟಿಗೆ ಗುತ್ತಿಗೆ ಕೊಡಬಹುದು.

ನಂದಿ_ತಪ್ಪಲು:
ಒಂದ್ಸಲ ಮುದ್ದೇನಹಳ್ಳಿಗೆ ಹೋಗಿ ಬನ್ನಿ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಈಗ ಮ್ಯೂಸಿಯಂ ಆಗಿದೆ. ಆದರೆ ಅಲ್ಲಿಗೆ ಜನ ಹೋಗುವುದು ಅವರ ಹೆಸರಿಗೆ. ನಿಮ್ಮ ತಾತನ ಕೋಟು, ಕನ್ನಡಕ ನೋಡೋಕೆ ಯಾರೂ ಬರುವುದಿಲ್ಲ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹತ್ತಿರ ಇರುವುದು ರೇಷ್ಮೆ ಮತ್ತು ನೀರಿನ ಕಥೆ. ಈಗ ಎಷ್ಟೋ ಕಡೆ ಹುಳು ಗೂಡು ಕಟ್ಟುವುದು ಪ್ಲಾಸ್ಟಿಕ್ ನೇತ್ರಿಕೆಯಲ್ಲಿ, ಚಂದ್ರಿಕೆ ಹೆಣೆಯುವವರು ಕಡಿಮೆ. ಇನ್ನು ಕಪಿಲೆ: ಎತ್ತು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ಬಾವಿಯಿಂದ ಬಾನಿ ಮೇಲೆ ಬರುತ್ತಿತ್ತು, ಈಗ ನಮ್ಮ ಕಡೆ 1,000 ಅಡಿ ಕೊರೆದರೂ ನೀರು ಗ್ಯಾರಂಟಿ ಇಲ್ಲ. ಆ ಬಾನಿ ಪಕ್ಕ ಒಂದು ಬೋರ್‌ವೆಲ್ ಪೈಪ್ ಇಟ್ಟುಬಿಡಿ, ಜಾಸ್ತಿ ಬರೆಯೋದೇ ಬೇಡ. ಕಪಿಲೆ ಹೊಡೆದ ಅಜ್ಜಂದಿರು ಊರಲ್ಲಿ ಇನ್ನೂ ಇದ್ದರೆ ಅವರ ಮಾತನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅಟ್ಟದ ಸಾಮಾನು ಕಾಯುತ್ತದೆ, ಅವರು ಕಾಯುವುದಿಲ್ಲ.

ಪುಸ್ತಕದ_ಹುಳ:
ರಸೀದಿಗಳನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಕಾಗದ ಹಾಳಾಗುತ್ತೆ. ಸ್ಕ್ಯಾನ್ ಮಾಡಿ, ನಕಲು ಪ್ರದರ್ಶನಕ್ಕಿಡಿ, ಮೂಲವನ್ನು ಬಿಸಿಲು ತಾಗದ ಕಡೆ ಇಡಿ. ಅವುಗಳಲ್ಲಿ ಕೋಲಾರ ಜಿಲ್ಲೆ ಅಂತಲೇ ಇರುತ್ತೆ, ಶಿಡ್ಲಘಟ್ಟ ಈಗಿರುವ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದೇ 2007ರಲ್ಲಿ. ಮಕ್ಕಳಿಗೆ ಅದೇ ಮಜಾ ಅನಿಸುತ್ತೆ. 100 ವರ್ಷ ದಾಟಿದ ಕಲ್ಲಿನ ಅಥವಾ ಲೋಹದ ವಿಗ್ರಹ ಏನಾದ್ರೂ ಇದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಬೇಕು. ಮತ್ತೆ ಮಳೆಗಾಲಕ್ಕೆ ಮುಂಚೆ ಹೆಂಚು, ಜಂತೆ ನೋಡಿಸಿ. ಗೆದ್ದಲು ಹಿಡಿದರೆ ಮುಗೀತು.

ಹಳ್ಳಿಮನೆ:
ಎಲ್ಲರಿಗೂ ಥ್ಯಾಂಕ್ಸ್. ವಿಗ್ರಹ ಯಾವುದೂ ಇಲ್ಲ. ಚಿಕ್ಕಪ್ಪನಿಗೆ ಗುತ್ತಿಗೆ ವಿಷಯ ಹೇಳಿದೆ, ತಿಂಗಳಿಗೆ ಎಷ್ಟು ಬರುತ್ತೆ ಅಂತ ಕೇಳಿದರು.