ಚಿಕ್ಕ ಊರಿನ ಪೇಟೆಯಲ್ಲಿ ಫುಡ್ ಟ್ರಕ್ ನಡೆಯುತ್ತಾ? ಅನುಭವ ಇದ್ದವರು ಹೇಳಿ

ನಮ್ಮದು ಸುಮಾರು ಒಂದು ಲಕ್ಷ ಜನ ಇರುವ ಊರು. ಪೇಟೆಯ ನಡುಭಾಗದಲ್ಲಿ ಬ್ಯಾಂಕು, ಕೋರ್ಟು, ಒಂದಿಷ್ಟು ಆಫೀಸುಗಳಿವೆ. ಮಧ್ಯಾಹ್ನ ಜನ ಓಡಾಡುತ್ತಾರೆ, ಸಂಜೆ ಆರರ ಮೇಲೆ ರಸ್ತೆ ಖಾಲಿ. ನಾನು ಮತ್ತು ನನ್ನ ತಂಗಿ ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಫುಡ್ ಟ್ರಕ್ ಕೊಳ್ಳುವ ಯೋಚನೆಯಲ್ಲಿದ್ದೇವೆ. ದೊಡ್ಡ ನಗರಗಳಲ್ಲಿ ಇದು ಓಡುತ್ತೆ ಅಂತ ಗೊತ್ತು. ಇಷ್ಟು ಚಿಕ್ಕ ಪೇಟೆಯಲ್ಲಿ ನಿಲ್ಲುತ್ತಾ? ಟ್ರಕ್ ನಡೆಸಿದವರು, ಪಕ್ಕದಲ್ಲಿ ಹೋಟೆಲ್ ಇಟ್ಟವರು, ಟ್ರಕ್ಕಿನಲ್ಲಿ ತಿನ್ನುವವರು ಯಾರಾದರೂ ಸರಿ, ನಿಮ್ಮ ಅನುಭವ ಹೇಳಿ.

ಆರು ವರ್ಷದಿಂದ ಟ್ರಕ್ ನಡೆಸುತ್ತಿರುವವರು

ನಡೆಯುತ್ತೆ. ನನ್ನ ಊರು ನಿಮ್ಮದಕ್ಕಿಂತ ಚಿಕ್ಕದು, ಆದರೂ ನಡೆಯುತ್ತಿದೆ. ಆದರೆ ಮೊದಲ ವರ್ಷ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಚಕ್ರ ಇದೆ, ಜನ ಎಲ್ಲಿದ್ದಾರೋ ಅಲ್ಲಿಗೆ ಹೋಗೋಣ ಅಂತ ಅನ್ನಿಸುವುದು ಸಹಜ. ಸೋಮವಾರ ಕೋರ್ಟ್ ಹತ್ತಿರ, ಮಂಗಳವಾರ ಆಸ್ಪತ್ರೆ ಹತ್ತಿರ, ಬುಧವಾರ ಇನ್ನೆಲ್ಲೋ ನಿಲ್ಲಿಸುತ್ತಿದ್ದೆ. ಬೆಳಿಗ್ಗೆ ಮೊಬೈಲಿನಲ್ಲಿ ‘ಇವತ್ತು ಇಲ್ಲಿದ್ದೇವೆ’ ಅಂತ ಹಾಕುತ್ತಿದ್ದೆ. 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಯ್ ಚಾಯ್ ಮತ್ತು ಜೊತೆಗಾರರು ಶುರು ಮಾಡಿದ ಕೋಗಿ ಅನ್ನುವ ಫುಡ್ ಟ್ರಕ್, ಟ್ವಿಟರ್‌ನಲ್ಲಿ ಜಾಗ ಹೇಳಿ ಹೇಳಿಯೇ ಹೆಸರು ಮಾಡಿತು. ಅದನ್ನು ಓದಿ ನನಗೂ ಹುಮ್ಮಸ್ಸು ಬಂದಿತ್ತು. ಆದರೆ ಅಲ್ಲಿರುವುದು ಲಕ್ಷಗಟ್ಟಲೆ ಜನ. ಸಾವಿರಕ್ಕೆ ಒಬ್ಬರು ಹುಡುಕಿಕೊಂಡು ಬಂದರೂ ಸಾಲು ಬೆಳೆಯುತ್ತೆ. ನಮ್ಮಂಥ ಕಡೆ ಹಾಗೆ ಹುಡುಕಿ ಬರುವವರು ಬೆರಳೆಣಿಕೆ. ಪೇಟೆಯ ಒಂದು ಮೂಲೆಗೆ ನಡೆದು ಬರಬಲ್ಲ ದೂರದಲ್ಲಿ ಕೆಲಸ ಮಾಡುವವರು ಅದೇ ನಾನೂರು ಐನೂರು ಮಂದಿ. ಅವರೇ ಮತ್ತೆ ಮತ್ತೆ ಬರಬೇಕು. ‘ಮಂಗಳವಾರ ಟ್ರಕ್ ಬರುತ್ತೆ’ ಅಂತ ಅವರಿಗೆ ಖಾತ್ರಿ ಆದರೆ ಮಾತ್ರ ಆವತ್ತು ಮನೆಯಿಂದ ಡಬ್ಬಿ ತರುವುದಿಲ್ಲ.

ಹಾಗಾಗಿ ಈಗ ಮಂಗಳವಾರ ಮತ್ತು ಗುರುವಾರ ಮಾತ್ರ ಪೇಟೆಗೆ ಹೋಗುತ್ತೇನೆ. ಅದೇ ಮೂಲೆ, ಹನ್ನೊಂದೂವರೆಯಿಂದ ಎರಡು ಗಂಟೆ. ಮಳೆ ಬಂದರೂ ತಪ್ಪಿಸುವುದಿಲ್ಲ. ಒಮ್ಮೆ ಎರಡು ವಾರ ಟ್ರಕ್ ರಿಪೇರಿಗೆ ಹೋಗಿತ್ತು. ಗಿರಾಕಿಗಳು ಮೊದಲಿನ ಹಾಗೆ ಬರುವುದಕ್ಕೆ ಎರಡು ತಿಂಗಳು ಹಿಡಿಯಿತು.

ಇದು ಹೊಸ ಬುದ್ಧಿಯೇನಲ್ಲ. 1872ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ವಾಲ್ಟರ್ ಸ್ಕಾಟ್ ಅನ್ನುವವರು ಒಂದು ಕುದುರೆ ಗಾಡಿಗೆ ಕಿಟಕಿ ಮಾಡಿಸಿ, ಪತ್ರಿಕಾ ಕಚೇರಿಯ ಮುಂದೆ ರಾತ್ರಿ ಊಟ ಮಾರಲು ನಿಂತರು. ತಾವೇ ಪ್ರೆಸ್ಸಿನಲ್ಲಿ ದುಡಿದವರು. ಹೋಟೆಲ್‌ಗಳು ಮುಚ್ಚಿದ ಮೇಲೆ ಅಲ್ಲಿ ಯಾರಿಗೆ, ಎಷ್ಟು ಹೊತ್ತಿಗೆ ಹಸಿವಾಗುತ್ತೆ ಅಂತ ಅವರಿಗೆ ಗೊತ್ತಿತ್ತು. ಗಾಡಿಗೆ ಚಕ್ರ ಇತ್ತು, ಆದರೆ ವ್ಯಾಪಾರ ಆಗಿದ್ದು ಒಂದೇ ಕಡೆ ನಿಂತಿದ್ದರಿಂದ.

ಇನ್ನು ಲೆಕ್ಕ. ಮಧ್ಯಾಹ್ನದ ಗದ್ದಲ ನಿಜಕ್ಕೂ ಇರುವುದು ಒಂದೂವರೆ ಗಂಟೆ, ಅಂದರೆ 90 ನಿಮಿಷ. ಒಂದು ಆರ್ಡರ್ ಕೊಡಲು ಒಂದೂವರೆ ನಿಮಿಷ ಹಿಡಿದರೆ 60 ಆರ್ಡರ್. ಮೂರು ನಿಮಿಷ ಹಿಡಿದರೆ 30. ಹೊರಗೆ ನೂರು ಜನ ನಿಂತರೂ ಅಷ್ಟೇ. ನನ್ನ ಮೆನುವಿನಲ್ಲಿ 14 ತಿನಿಸು ಇದ್ದವು, ಐದಕ್ಕೆ ಇಳಿಸಿದೆ. ಅದೇ ಅಡುಗೆಯವರು, ಅದೇ ಒಲೆ, ಆರ್ಡರ್ ಹೆಚ್ಚುಕಮ್ಮಿ ಎರಡು ಪಟ್ಟು ಆಯಿತು. ನೀವು ಟ್ರಕ್ ನೋಡಲು ಹೋಗುವ ಮೊದಲು ಈ ಲೆಕ್ಕ ಹಾಕಿ. 60 ಆರ್ಡರಿನಲ್ಲಿ ಸಾಮಾನು, ಗ್ಯಾಸ್, ಡೀಸೆಲ್, ಲೈಸೆನ್ಸ್, ಸಾಲದ ಕಂತು ಎಲ್ಲ ಕಳೆದು ಇಬ್ಬರಿಗೆ ಕೂಲಿ ಉಳಿಯುತ್ತಾ?

ಪೇಟೆಯ ಎರಡು ದಿನದ ವ್ಯಾಪಾರ ಒಂದರಿಂದಲೇ ನನಗೆ ಲಾಭ ಉಳಿಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ದುಡಿಮೆಯ ಅರ್ಧಕ್ಕಿಂತ ಜಾಸ್ತಿ ಬರುವುದು ಮದುವೆ, ಹುಟ್ಟುಹಬ್ಬ, ಫ್ಯಾಕ್ಟರಿ, ಕಾಲೇಜು ಸಮಾರಂಭಗಳ ಊಟದಿಂದ. ಅಲ್ಲಿ ಎಷ್ಟು ಊಟ ಅಂತ ಮೊದಲೇ ಗೊತ್ತು, ಮುಂಗಡ ಬರುತ್ತೆ, ಒಂದು ತುತ್ತೂ ಮಿಕ್ಕುವುದಿಲ್ಲ. ಆದರೆ ಆ ಆರ್ಡರ್ ಕೊಡುವವರೆಲ್ಲ ಪೇಟೆಯಲ್ಲಿ ತಿಂದು ನೋಡಿದವರೇ. ಪೇಟೆ ಬಿಟ್ಟರೆ ಅದೂ ನಿಲ್ಲುತ್ತೆ.

ಟ್ರಕ್ ಮಾರಿದವರು

ನಾನು ಎರಡೂವರೆ ವರ್ಷಕ್ಕೆ ನಿಲ್ಲಿಸಿದೆ. ವ್ಯಾಪಾರ ಚೆನ್ನಾಗಿಯೇ ಇತ್ತು. ಹೋಗಿದ್ದು ಜಾಗ. ಒಬ್ಬರ ಖಾಸಗಿ ಪಾರ್ಕಿಂಗ್ ಜಾಗದಲ್ಲಿ ಬಾಯಿಮಾತಿನ ಬಾಡಿಗೆಗೆ ನಿಂತಿದ್ದೆ. ಅವರು ಜಾಗ ಮಾರಿದರು, ನನಗೆ ಸಿಕ್ಕಿದ್ದು ಹತ್ತು ದಿನ. ಮುಂದಿನ ಜಾಗ ಮೂರು ಬೀದಿ ಆಚೆ ಅಷ್ಟೇ ಇತ್ತು, ಆದರೆ ಗಿರಾಕಿಗಳು ಅಲ್ಲಿಗೆ ಬರಲಿಲ್ಲ. ಊಟದ ಬಿಡುವು ಅರ್ಧ ಗಂಟೆ ಇರುವವರಿಗೆ ಮೂರು ಬೀದಿ ದೂರವೇ.

ಫುಡ್ ಕಾರ್ಟ್‌ಗಳಿಗೆ (ತಿಂಡಿ ಗಾಡಿಗಳಿಗೆ) ಹೆಸರಾದ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲೂ ಹೀಗೇ ಆಗಿದೆ. ಆಲ್ಡರ್ ಬೀದಿಯ ಪಾರ್ಕಿಂಗ್ ಜಾಗದಲ್ಲಿ ವರ್ಷಗಟ್ಟಲೆ ಹತ್ತಾರು ಗಾಡಿಗಳಿದ್ದವು. 2019ರಲ್ಲಿ ಅಲ್ಲಿ ಎತ್ತರದ ಕಟ್ಟಡ ಬರುತ್ತೆ ಅಂತ ಎಲ್ಲರೂ ಏಳಬೇಕಾಯಿತು. ಕೈಬರಹದಲ್ಲಾದರೂ ಸರಿ, ಕರಾರು ಮಾಡಿಕೊಳ್ಳಿ. ಬಿಡಿಸುವ ಮೊದಲು ಕನಿಷ್ಠ ಮೂರು ತಿಂಗಳು ಸಮಯ ಕೊಡಬೇಕು ಅಂತ ಬರೆಸಿ. ಇದು ಯಾರೂ ಹೇಳುವುದಿಲ್ಲ, ನನಗೂ ಯಾರೂ ಹೇಳಿರಲಿಲ್ಲ.

ಆಫೀಸಿನಲ್ಲಿ ಕೆಲಸ ಮಾಡುವವರು

ತಿನ್ನುವವಳಾಗಿ ಒಂದೆರಡು ಮಾತು. ನಮ್ಮ ಆಫೀಸಿನ ಎದುರು ವಾರಕ್ಕೊಂದು ದಿನ ಟ್ರಕ್ ಬರುತ್ತೆ. ರುಚಿ ಚೆನ್ನಾಗಿದೆ. ಆದರೆ ಕೂರಲು ಜಾಗ ಇಲ್ಲ, ಬಿಸಿಲಿಗೆ ನೆರಳಿಲ್ಲ, ಜನರೇಟರ್ ಸದ್ದಿನಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ಕೈಯಲ್ಲಿ ತಟ್ಟೆ ಹಿಡಿದು ಎಷ್ಟು ದಿನ ನಿಲ್ಲೋದು? ಹತ್ತಿರದಲ್ಲಿ ಮರ, ಕಟ್ಟೆ, ಬೆಂಚು ಇರುವ ಜಾಗ ನೋಡಿಕೊಳ್ಳಿ. ಆಮೇಲೆ, ಸಾಮಾನು ಮುಗಿದಿದ್ದರೆ ಬೋರ್ಡ್ ಹಾಕಿಬಿಡಿ. ಹದಿನೈದು ನಿಮಿಷ ಸಾಲಿನಲ್ಲಿ ನಿಂತ ಮೇಲೆ ‘ಮುಗೀತು’ ಅಂದರೆ ಮತ್ತೆ ಬರಲು ಮನಸ್ಸಾಗುವುದಿಲ್ಲ.

ಪೇಟೆಯಲ್ಲಿ ಹೋಟೆಲ್ ಇಟ್ಟಿರುವವರು

ಟ್ರಕ್ ಬರುತ್ತೆ ಅಂದಾಗ ನಾನು ವಿರೋಧ ಮಾಡಿದವನು. ನನ್ನ ಕಾರಣವನ್ನೂ ಕೇಳಿ. ನಾನು ವರ್ಷಪೂರ್ತಿ ಬಾಡಿಗೆ ಕಟ್ಟುತ್ತೇನೆ, ಜನ ಇಲ್ಲದ ದಿನವೂ ಬಾಗಿಲು ತೆರೆಯುತ್ತೇನೆ, ನಾಲ್ಕು ಮಂದಿಗೆ ಸಂಬಳ ಕೊಡುತ್ತೇನೆ. ಟ್ರಕ್ಕಿನವರು ಒಳ್ಳೆಯ ಎರಡು ಗಂಟೆ ಮಾತ್ರ ಬಂದು ಹೋದರೆ ಹೊಟ್ಟೆ ಉರಿಯುತ್ತೆ, ಅಲ್ವಾ? ಶಿಕಾಗೋದಲ್ಲಿ ಹೋಟೆಲಿನಿಂದ 200 ಅಡಿ ಒಳಗೆ ಟ್ರಕ್ ನಿಲ್ಲಿಸುವಂತಿಲ್ಲ ಅನ್ನುವ ನಿಯಮ ಇದೆ. ಅದರ ಮೇಲೆ ಕೇಸ್ ನಡೆದು, 2019ರಲ್ಲಿ ಅಲ್ಲಿನ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟ್ ನಿಯಮವನ್ನೇ ಎತ್ತಿಹಿಡಿಯಿತು. ನಮ್ಮ ಊರಿನಲ್ಲೂ ಅಂಥದ್ದೇ ನಿಯಮ ತನ್ನಿ ಅಂತ ಅರ್ಜಿ ಕೊಟ್ಟಿದ್ದೆ.

ಈಗ ಹಾಗೆ ಕೇಳುವುದಿಲ್ಲ. ಚಿಕ್ಕ ಪೇಟೆಯಲ್ಲಿ ಎಲ್ಲ ಕಡೆಯಿಂದ 200 ಅಡಿ ಅಳೆದರೆ ಟ್ರಕ್ ನಿಲ್ಲಿಸಲು ಜಾಗವೇ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ನನ್ನ ಎದುರಾಳಿ ಟ್ರಕ್ ಅಲ್ಲ. ಜನ ಪೇಟೆಗೆ ಬರುವುದನ್ನೇ ಬಿಡುತ್ತಿದ್ದಾರೆ, ನನ್ನ ನಿಜವಾದ ತೊಂದರೆ ಅದು. ಟ್ರಕ್ ಇರುವ ದಿನ ಮಧ್ಯಾಹ್ನದ ಊಟ ನನಗೆ ಸ್ವಲ್ಪ ಕಮ್ಮಿಯಾಗುತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಟೀ ಕಾಫಿ ಜಾಸ್ತಿ ಹೋಗುತ್ತೆ. ನಾನು ಮಾಡುವುದನ್ನೇ ಆ ಟ್ರಕ್ಕಿನವರು ಮಾಡಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು. ಅವರು ಮೊದಲೇ ಬಂದು ನನ್ನ ಮೆನು ನೋಡಿ, ಬೇರೆಯದನ್ನು ಆರಿಸಿಕೊಂಡರು. ನೀವೂ ಲೈಸೆನ್ಸಿಗೆ ಅರ್ಜಿ ಹಾಕುವ ಮೊದಲು ಸುತ್ತಲಿನ ಹೋಟೆಲ್‌ನವರನ್ನು ಕಂಡು ಮಾತಾಡಿ. ಒಂದು ಕಪ್ ಕಾಫಿ ಕುಡಿಯುತ್ತಾ ಮಾತಾಡಿದರೆ ಮುಗಿಯುವ ವಿಷಯ ಅರ್ಜಿ ತಕರಾರಿಗೆ ಹೋದರೆ ವರ್ಷ ಹಿಡಿಯುತ್ತೆ.

ಹಳೆಯ ಟ್ರಕ್ ಕೊಂಡವರು

ಹಳೆಯದು ಕೊಳ್ಳುತ್ತೇವೆ ಅಂದಿದ್ದೀರಿ. ಬಣ್ಣ ನೋಡಬೇಡಿ, ನೀರಿನ ಟ್ಯಾಂಕ್ ನೋಡಿ. ಕೊಳೆನೀರಿನ ಟ್ಯಾಂಕ್ ಒಳ್ಳೆಯ ನೀರಿನ ಟ್ಯಾಂಕಿಗಿಂತ ದೊಡ್ಡದಿರಬೇಕು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ (ಎಫ್‌ಡಿಎ) ಆಹಾರ ಸಂಹಿತೆ ಶೇಕಡಾ 15ರಷ್ಟು ದೊಡ್ಡದಿರಲಿ ಅನ್ನುತ್ತೆ. ನಿಮ್ಮ ಕಡೆ ನಿಯಮ ಏನೇ ಇರಲಿ, ಕಾರಣ ಒಂದೇ: ತೊಳೆದ ನೀರಿನ ಜೊತೆ ಎಣ್ಣೆ, ಗಂಜಿ, ಕರಗಿದ ಐಸ್ ಎಲ್ಲ ಸೇರುತ್ತೆ, ಟ್ಯಾಂಕ್ ತುಂಬಿದರೆ ಅಂಗಡಿ ಬಂದ್. ನಾನು ಕೊಂಡ ಟ್ರಕ್ಕಿನಲ್ಲಿ ಎರಡೂ ಒಂದೇ ಅಳತೆ ಇತ್ತು. ತಪಾಸಣೆಯಲ್ಲಿ ಪಾಸಾಗಲಿಲ್ಲ. ನೆಲ ಬಿಚ್ಚಿ ಮತ್ತೆ ಕೂರಿಸಲು ಒಂದೂವರೆ ತಿಂಗಳು ಹೋಯಿತು. ಲೈಸೆನ್ಸ್ ಕೊಡುವವರ ಹತ್ತಿರ ನಿಯಮದ ಪಟ್ಟಿ ಇಸ್ಕೊಂಡು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಟ್ರಕ್ ನೋಡಲು ಹೋಗಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಂಗಿಗೂ ಓದಿ ಹೇಳಿದೆ. ಇನ್ನೊಂದು ಕೇಳಬೇಕು. ಸಂಜೆ ಖಾಲಿ ಇರುವ ಪೇಟೆಗೆ ಟ್ರಕ್ಕಿನಿಂದ ಜನ ಬರುತ್ತಾರಾ?

ಆರು ವರ್ಷದಿಂದ ಟ್ರಕ್ ನಡೆಸುತ್ತಿರುವವರು

ಒಂದೇ ಟ್ರಕ್ ನಿಂತರೆ ಬರುವುದಿಲ್ಲ. ಪ್ರಯತ್ನ ಮಾಡಿದ್ದೇನೆ, ಮೂರು ತಿಂಗಳು ಪ್ರತಿ ಶುಕ್ರವಾರ. ಒಂದು ಸಂಜೆ ಒಂಬತ್ತು ಜನ ಬಂದಿದ್ದರು. ಒಂದು ಟ್ರಕ್ಕಿಗೋಸ್ಕರ ಮನೆಯವರನ್ನೆಲ್ಲ ಕರೆದುಕೊಂಡು ಯಾರೂ ಹೊರಡುವುದಿಲ್ಲ. ಮಗುವಿಗೆ ಒಂದು ಬೇಕು, ಅಜ್ಜಿಗೆ ಇನ್ನೊಂದು ಬೇಕು. ಆಮೇಲೆ ನಾವು ನಾಲ್ಕು ಟ್ರಕ್ಕಿನವರು ಸೇರಿ ತಿಂಗಳ ಮೊದಲ ಶುಕ್ರವಾರ ಮಾತ್ರ ನಿಲ್ಲಲು ಶುರು ಮಾಡಿದೆವು. ನಗರಾಡಳಿತದವರು ಒಂದು ಬೀದಿಗೆ ವಾಹನ ಬಿಡದೆ, ದೀಪ ಮತ್ತು ಕರೆಂಟಿನ ಪಾಯಿಂಟ್ ಕೊಟ್ಟರು. ಜನರೇಟರ್ ಸದ್ದು ನಿಂತಿತು. ಆ ಸಂಜೆ ಅಕ್ಕಪಕ್ಕದ ಅಂಗಡಿಗಳೂ ಒಂಬತ್ತರವರೆಗೆ ತೆರೆದಿರುತ್ತವೆ. ತಿಂಗಳಿಗೊಂದೇ ಸಲ, ಅದಕ್ಕೇ ಜನ ನೆನಪಿಟ್ಟುಕೊಂಡು ಬರುತ್ತಾರೆ. ವಾರವಾರ ಮಾಡಬೇಕು ಅನ್ನುವ ಆಸೆ ಮೊದಲ ವರ್ಷ ಬೇಡ.

ಟ್ರಕ್ ಕೊಳ್ಳುವ ಮೊದಲು ನೀವಿಬ್ಬರೂ ನಿಮ್ಮ ಪೇಟೆಯ ಆ ಮೂಲೆಯಲ್ಲಿ ಒಂದು ವಾರ ಹನ್ನೆರಡರಿಂದ ಒಂದೂವರೆವರೆಗೆ ನಿಂತು ತಲೆ ಎಣಿಸಿ. ಎಷ್ಟು ಜನ ಹಾದು ಹೋದರು, ಎಷ್ಟು ಜನರ ಕೈಯಲ್ಲಿ ಊಟದ ಪೊಟ್ಟಣ ಇತ್ತು, ಬರೆದುಕೊಳ್ಳಿ. ಹಾಗೇ ನಿಮ್ಮ ಸುತ್ತಮುತ್ತ ಟ್ರಕ್ ನಡೆಸುವವರು ಯಾರಾದರೂ ಇದ್ದರೆ, ಒಂದು ದಿನ ಕೆಲಸಕ್ಕೆ ಸೇರಿಸಿಕೊಳ್ಳಿ ಅಂತ ಕೇಳಿ. ಬೆಳಿಗ್ಗೆ ಸಾಮಾನು ತುಂಬುವುದರಿಂದ ಹಿಡಿದು ರಾತ್ರಿ ಟ್ಯಾಂಕ್ ತೊಳೆಯುವವರೆಗೂ ಜೊತೆಗಿರಿ. ತಂಗಿಯನ್ನೂ ಕರೆದುಕೊಂಡು ಹೋಗಿ. ಟ್ರಕ್ಕಿನ ಒಳಗೆ ಇಬ್ಬರು ಬೆನ್ನಿಗೆ ಬೆನ್ನು ತಾಗಿಸಿಕೊಂಡು ಐದು ಗಂಟೆ ಕೆಲಸ ಮಾಡಬೇಕಾಗುತ್ತೆ, ಅದು ಇಬ್ಬರಿಗೂ ಒಗ್ಗಬೇಕು.