ಸಹಾಯ ಬೇಕು: ಅಪ್ಪನ ಫಿಬ್-4 ಸ್ಕೋರ್ 2.5 ಬಂದಿದೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 56 ವರ್ಷ. ಶುಗರ್ ಇದೆ, ಕುಡಿಯುವ ಅಭ್ಯಾಸ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂತು. ರಕ್ತ ಪರೀಕ್ಷೆಯಲ್ಲಿ ಲಿವರ್ ಎನ್‌ಜೈಮ್‌ಗಳಾದ ಎಸ್‌ಜಿಒಟಿ 50, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.6 ಲಕ್ಷ.

ಲಿವರ್ ಗಟ್ಟಿಯಾಗುತ್ತಿದೆಯಾ ಅಂತ ಅಂದಾಜು ಮಾಡಲು ಫಿಬ್-4 ಅನ್ನುವ ಲೆಕ್ಕ ಇದೆಯಲ್ಲ, ಅದನ್ನು ಹಾಕಿ ನೋಡಿದೆ. ವಯಸ್ಸು ಗುಣಿಸು ಎಸ್‌ಜಿಒಟಿ, 2800. ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿ 160, ಎಸ್‌ಜಿಪಿಟಿಯ ವರ್ಗಮೂಲ 7, ಗುಣಿಸಿದರೆ 1120. ಭಾಗಿಸಿದರೆ 2.5. ಈ ವಯಸ್ಸಿಗೆ 1.3ಕ್ಕಿಂತ ಕಮ್ಮಿ ಇದ್ದರೆ ಅಪಾಯ ಕಮ್ಮಿ, 2.67 ದಾಟಿದರೆ ಜಾಸ್ತಿ. ಅಪ್ಪನದು ನಡುವೆ, ಅದೂ ಮೇಲಿನ ಗಡಿಯ ಹತ್ತಿರ. ಎಸ್‌ಜಿಒಟಿ, ಎಸ್‌ಜಿಪಿಟಿ ಸ್ವಲ್ಪವೇ ಏರಿರುವುದರಿಂದ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ನನಗೆ ಮಾತ್ರ ಸುಮ್ನೆ ಕೂರಲು ಆಗುತ್ತಿಲ್ಲ.

ಇನ್ನೊಂದು ವಿಷಯ. ಪರೀಕ್ಷೆ ಮಾಡಿಸಿದ್ದು ಡೆಂಗ್ಯೂ ಜ್ವರ ಬಿಟ್ಟ ಹೊಸದರಲ್ಲಿ. ಡೆಂಗ್ಯೂನಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಎಸ್‌ಜಿಒಟಿ ಏರುತ್ತದೆ. ಎರಡೂ ಸೇರಿ ಸ್ಕೋರನ್ನು ಮೇಲಕ್ಕೆ ತಳ್ಳಿರಬಹುದು ಅಲ್ವಾ? ಹಾಗಿದ್ದರೆ ಎಷ್ಟು ವಾರ ಬಿಟ್ಟು ಮತ್ತೆ ರಕ್ತ ಕೊಡಿಸಬೇಕು? ಅಥವಾ ಕಾಯದೆ ನೇರವಾಗಿ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್) ಮಾಡಿಸುವುದೇ ಒಳ್ಳೆಯದಾ? ಇದೇ ಹಾದಿಯಲ್ಲಿ ಹೋದವರು, ಲ್ಯಾಬ್‌ನಲ್ಲಿ ಕೆಲಸ ಮಾಡುವವರು, ಡಾಕ್ಟರ್‌ಗಳು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನಾವು ದಾವಣಗೆರೆಯವರು. ಫೈಬ್ರೋಸ್ಕ್ಯಾನ್ ಇಲ್ಲೇ ಆಗುತ್ತದಾ, ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಾ, ಖರ್ಚು ಎಷ್ಟಾಗಬಹುದು? ಹೊಟ್ಟೆ ಖಾಲಿ ಇರಬೇಕಂತೆ, ಅಪ್ಪ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವತ್ತು ಮಾತ್ರೆ, ತಿಂಡಿ ಹೇಗೆ ಹೊಂದಿಸಿದಿರಿ ಅನ್ನುವುದನ್ನೂ ತಿಳಿಸಿ.