ಮೆರೆಟ್‌ನ ಬಿಡದೆ ಇಟ್ಕೊಂಡ್ವಿ. 2026ರ ಅಕ್ಟೋಬರ್‌ಗೆ ಏನು ಬೆಲೆ ಕೇಳಬೇಕು?

ಕೆಂಪುಪಟ್ಟೆ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನಲ್ಲಿ (ಎಎಫ್ಎಲ್) ಕ್ಲಬ್‌ಗಳು ಆಟಗಾರರನ್ನ ಅದಲುಬದಲು ಮಾಡ್ಕೊಳ್ಳೋ 2025ರ ಟ್ರೇಡ್ ಗಡುವು ಮುಗೀತು, ಹೊಸ ಹುಡುಗರನ್ನ ಸರದಿ ಪ್ರಕಾರ ಆರಿಸೋ ನವೆಂಬರ್ ಡ್ರಾಫ್ಟೂ ಮುಗೀತು. ಹಾಥಾರ್ನ್ ಕ್ಲಬ್‌ಗೆ ಕಳಿಸಿ ಅಂತ ಕೇಳಿದ್ದ ಮಿಡ್‌ಫೀಲ್ಡರ್ ಝ್ಯಾಕ್ ಮೆರೆಟ್ ಇನ್ನೂ ನಮ್ಮ ಎಸೆಂಡನ್‌ನಲ್ಲೇ ಇದ್ದಾನೆ. ಕರಾರು 2027ರ ಕೊನೆವರೆಗೂ ಇದೆ. ಬಂದ ಆಫರ್ ಸಾಲದು ಅಂತ ಕ್ಲಬ್ ಬಾಗಿಲು ಹಾಕಿತು. ಅಷ್ಟರಮಟ್ಟಿಗೆ ಸರಿ.

ಆದರೆ ಮುಂದಿನ ಅಕ್ಟೋಬರ್ ಬಂದೇ ಬರುತ್ತೆ. ಆಗ ಅವನಿಗೆ 31 ವಯಸ್ಸು, ಕರಾರಿನಲ್ಲಿ ಉಳಿದಿರೋದು ಒಂದೇ ವರ್ಷ. 2013ರ ಡ್ರಾಫ್ಟ್‌ನಲ್ಲಿ 26ನೇ ಪಿಕ್‌ನಲ್ಲಿ (ಪಿಕ್ ಅಂದ್ರೆ ಆರಿಸೋ ಸರದಿ) ಸಿಕ್ಕ ಹುಡುಗ, 2024ರ ಹೊತ್ತಿಗೆ ಐದು ಸಲ ಕ್ಲಬ್‌ನ ಉತ್ತಮ ಆಟಗಾರ ಪದಕ ಗೆದ್ದವನು. ಬಿಡೋದೇ ಆದ್ರೆ ಎರಡು ಮೊದಲ ಸುತ್ತಿನ ಪಿಕ್, ಜೊತೆಗೆ ಈಗಲೇ ಆಡಬಲ್ಲ ಒಬ್ಬ ಹುಡುಗ ಬೇಕು ಅನ್ನೋದು ನನ್ನ ಅಂದಾಜು. ಇದು ನ್ಯಾಯವಾದ ಬೆಲೆಯಾ, ಇಲ್ಲ ಅಭಿಮಾನಿ ಬೆಲೆಯಾ? ಇನ್ನೊಂದು ಪ್ರಶ್ನೆ: 2027ರವರೆಗೂ ಇಟ್ಕೊಂಡು, ಕರಾರು ಮುಗಿದ ಮೇಲೆ ಫ್ರೀ ಏಜೆಂಟ್ ಆಗಿ ಬೇಕಾದ ಕ್ಲಬ್‌ಗೆ ಹೋಗೋಕೆ ಬಿಟ್ಟರೆ ಎಎಫ್ಎಲ್ ನಮಗೆ ಕೊಡೋ ಪರಿಹಾರದ ಪಿಕ್ ಎಷ್ಟನೇದು ಬರಬಹುದು?

"ನಿಷ್ಠೆ ಇಲ್ಲದವನು" ಅನ್ನೋ ಉತ್ತರ ಬೇಡ. ಲೆಕ್ಕ ಬೇಕು.

ಲೆಕ್ಕದ ಕಟ್ಟು

ಲೆಕ್ಕ ತಾನೇ, ತಗೊಳ್ಳಿ. ಎಎಫ್ಎಲ್ 2015ರಲ್ಲಿ ಪ್ರತಿ ಪಿಕ್‌ಗೂ ಅಂಕ ಕಟ್ಟಿತು: 1ನೇ ಪಿಕ್‌ಗೆ 3000, 5ಕ್ಕೆ 1878, 10ಕ್ಕೆ 1395, 18ಕ್ಕೆ 985. ಕ್ಲಬ್‌ಗಳು ತಮ್ಮ ಹಳೇ ಆಟಗಾರರ ಮಕ್ಕಳು ಮತ್ತು ತಮ್ಮ ಅಕಾಡೆಮಿ ಹುಡುಗರ ಮೇಲೆ ಬೇರೆ ಕ್ಲಬ್ ಹಾಕಿದ ಬಿಡ್ ಸರಿಗಟ್ಟಿ ಉಳಿಸ್ಕೊಳ್ಳೋಕೆ ಮಾಡಿದ ಪಟ್ಟಿ ಅದು, ಟ್ರೇಡ್ ಬೆಲೆಪಟ್ಟಿ ಅಲ್ಲ. ಆದರೂ ಹಳೇ ವ್ಯವಹಾರಗಳನ್ನ ಒಂದೇ ತಕ್ಕಡಿಗೆ ಹಾಕೋಕೆ ಬೇರೆ ಸಾಧನ ಇಲ್ಲ.

2015ರಲ್ಲಿ ಡೇಂಜರ್‌ಫೀಲ್ಡ್ ಅಡಿಲೇಡ್‌ನಿಂದ ಜೀಲಾಂಗ್‌ಗೆ ಹೋದಾಗ ಜೀಲಾಂಗ್ ಕೊಟ್ಟಿದ್ದು 9ನೇ ಪಿಕ್ (1469), 28ನೇ ಪಿಕ್ (677) ಮತ್ತು ಡೀನ್ ಗೋರ್ ಅನ್ನೋ ಹುಡುಗ. ವಾಪಸ್ ಬಂದಿದ್ದು 50ನೇ ಪಿಕ್ (273). ಕೂಡಿ ಕಳೆದರೆ 1873. ಅಂದ್ರೆ ಹೆಚ್ಚುಕಮ್ಮಿ 5ನೇ ಪಿಕ್ ಬೆಲೆಗೆ ಮುಂದಿನ ವರ್ಷದ ಬ್ರೌನ್‌ಲೋ (ಇಡೀ ಲೀಗ್‌ನ ಉತ್ತಮ ಆಟಗಾರ ಪದಕ) ವಿಜೇತ ಸಿಕ್ಕ.

2018ರಲ್ಲಿ ಲಾಕಿ ನೀಲ್‌ಗಾಗಿ ಬ್ರಿಸ್ಬೇನ್ ಕೊಟ್ಟಿದ್ದು 6, 19, 55 (1751, 948, 207), ಪಡೆದಿದ್ದು ನೀಲ್ ಮತ್ತು 30 (629). ನಿವ್ವಳ 2277, 3ನೇ ಪಿಕ್‌ಗಿಂತ ಸ್ವಲ್ಪ ಮೇಲೆ. ಅವನು ಎರಡು ಬ್ರೌನ್‌ಲೋ ಗೆದ್ದ.

ಆದರೆ ಈ ಇಬ್ಬರೂ ಆಗ 25ರ ಆಸುಪಾಸಿನವರು. 31ರ ಮಿಡ್‌ಫೀಲ್ಡರ್‌ಗೆ ಅದೇ ಅಂಕ ಯಾರೂ ಕೊಡಲ್ಲ. ಹಾಥಾರ್ನ್ 2025ರಲ್ಲಿ ಪ್ರಿಲಿಮಿನರಿ ಫೈನಲ್‌ವರೆಗೆ, ಅಂದ್ರೆ ಗ್ರ್ಯಾಂಡ್ ಫೈನಲ್‌ಗೆ ಒಂದು ಹೆಜ್ಜೆ ಹಿಂದಿನವರೆಗೆ ಹೋದ ತಂಡ. ಅದೇ ಫಾರ್ಮ್ ಇದ್ದರೆ, ಮೇಲಿನ ತಂಡಕ್ಕೆ ಸರದಿ ಕೊನೆಗೆ ಬರೋದರಿಂದ, ಅವರ ಸ್ವಂತ ಮೊದಲ ಸುತ್ತಿನ ಪಿಕ್ 15ರ ನಂತರವೇ ಬರೋದು. ಅಂಥ ಎರಡು ಸೇರಿದರೂ ಹಳೇ ಪಟ್ಟಿಯಲ್ಲಿ 2200 ದಾಟೋದು ಕಷ್ಟ. "ಎರಡು ಮೊದಲ ಸುತ್ತು" ಅಂತ ಕೇಳೋಕೆ ಚೆನ್ನಾಗಿದೆ, ಆದರೆ ಯಾರ ಮೊದಲ ಸುತ್ತು ಅನ್ನೋದೇ ಮುಖ್ಯ.

ಇನ್ನೊಂದು ಎಚ್ಚರಿಕೆ. 2025ರಿಂದ ಪಟ್ಟಿ ಬದಲಾಗಿದೆ. 54ರ ನಂತರದ ಪಿಕ್‌ಗಳಿಗೆ ಅಂಕವೇ ಇಲ್ಲ, ಬಿಡ್ ಸರಿಗಟ್ಟುವಾಗ ಸಿಗ್ತಿದ್ದ 20% ರಿಯಾಯಿತಿ 10%ಕ್ಕೆ ಇಳಿದಿದೆ. ಮೇಲಿನ ಲೆಕ್ಕವನ್ನ ಹೊಸ ಪಟ್ಟಿಗೆ ನೇರ ಅಂಟಿಸಬೇಡಿ.

ವಿಂಡಿ ಹಿಲ್ ಗಾಳಿ

ಅಂಕಕ್ಕಿಂತ ಮೊದಲು ಕರಾರು ನೋಡಬೇಕು. ಇದು ಐಪಿಎಲ್ ಹರಾಜಲ್ಲ, ಹಣದ ಚೀಲ ಎತ್ತಿ ಕೊಳ್ಳೋಕೆ ಬರಲ್ಲ. ಕ್ಲಬ್‌ನಿಂದ ಕ್ಲಬ್‌ಗೆ ಆಟಗಾರನ ಬೆಲೆ ಅಂತ ದುಡ್ಡು ಹೋಗೋದೇ ಇಲ್ಲ. ಪಿಕ್ ಇಲ್ಲವೇ ಇನ್ನೊಬ್ಬ ಆಟಗಾರ, ಅಷ್ಟೇ. ಕರಾರಿನಲ್ಲಿರುವ ಆಟಗಾರನನ್ನ ಅವನ ಒಪ್ಪಿಗೆ ಇಲ್ಲದೆ ಕ್ಲಬ್ ಕಳಿಸುವಂತಿಲ್ಲ. ಕ್ಲಬ್ ಒಪ್ಪದೆ ಅವನೂ ಹೋಗುವಂತಿಲ್ಲ. ಹೀಗಾಗಿ ಬೆಲೆ ನಿಲ್ಲೋದು "ಇವನು ಎಷ್ಟು ಚೆನ್ನಾಗಿ ಆಡ್ತಾನೆ" ಅನ್ನೋದರ ಮೇಲಲ್ಲ, "ಒಪ್ಪಂದ ಆಗದಿದ್ದರೆ ಯಾರಿಗೆ ಏನು ನಷ್ಟ" ಅನ್ನೋದರ ಮೇಲೆ.

ಕರಾರು ಮುಗಿದವನಾದರೆ ಹಳೇ ಕ್ಲಬ್‌ನ ಕೈ ಬಿದ್ದುಹೋದ ಹಾಗೇ. 2009ರಲ್ಲಿ ಲ್ಯೂಕ್ ಬಾಲ್ ವಿಷಯದಲ್ಲಿ ಸೇಂಟ್ ಕಿಲ್ಡಾ ಮತ್ತು ಕಾಲಿಂಗ್‌ವುಡ್ ಟ್ರೇಡ್‌ಗೆ ಒಪ್ಪಲಿಲ್ಲ. ಅವನು ಡ್ರಾಫ್ಟ್‌ಗೆ ಇಳಿದ, ಕಾಲಿಂಗ್‌ವುಡ್ 30ನೇ ಪಿಕ್‌ನಲ್ಲಿ ಎತ್ಕೊಂಡಿತು. ಸೇಂಟ್ ಕಿಲ್ಡಾಗೆ ಸಿಕ್ಕಿದ್ದು ಸೊನ್ನೆ. ಮರುವರ್ಷ ಗ್ರ್ಯಾಂಡ್ ಫೈನಲ್ ಮರುಪಂದ್ಯದಲ್ಲಿ ಅವರನ್ನೇ ಸೋಲಿಸಿದ ತಂಡದಲ್ಲಿ ಬಾಲ್ ಇದ್ದ.

ನಿರ್ಬಂಧಿತ ಫ್ರೀ ಏಜೆಂಟ್ ಆಗಿದ್ದರೆ ಹಳೇ ಕ್ಲಬ್‌ಗೆ ಒಂದು ಅಸ್ತ್ರ ಇರುತ್ತೆ, ಆಫರ್ ಸರಿಗಟ್ಟೋದು. 2020ರಲ್ಲಿ ಜೆರೆಮಿ ಕ್ಯಾಮರೂನ್‌ಗೆ ಜಿಡಬ್ಲ್ಯುಎಸ್ (ಗ್ರೇಟರ್ ವೆಸ್ಟರ್ನ್ ಸಿಡ್ನಿ) ಅದನ್ನೇ ಮಾಡಿ ಜೀಲಾಂಗನ್ನ ಟ್ರೇಡ್ ಮೇಜಿಗೆ ಎಳೀತು: 13, 15, 20ನೇ ಪಿಕ್ ಮೂರೂ ಬಂತು, ಎರಡು ಮುಂದಿನ ವರ್ಷದ ಎರಡನೇ ಸುತ್ತು ವಾಪಸ್ ಹೋಯ್ತು.

ಮೆರೆಟ್‌ಗೆ ಇದು ಆಗಲ್ಲ. ಒಂದೇ ಕ್ಲಬ್‌ನಲ್ಲಿ ಹತ್ತು ವರ್ಷ ದಾಟಿದವನು, 2027ರ ಕೊನೆಗೆ ಪೂರ್ತಿ ಮುಕ್ತ ಫ್ರೀ ಏಜೆಂಟ್. ಸರಿಗಟ್ಟೋ ಹಕ್ಕು ನಮಗಿರಲ್ಲ.

ಇನ್ನು ಪರಿಹಾರದ ಪಿಕ್. ಸೂತ್ರವನ್ನ ಎಎಫ್ಎಲ್ ಪೂರ್ತಿ ಬಿಚ್ಚಿಡಲ್ಲ, ಆದರೆ ಸಂಬಳ, ಕರಾರಿನ ಅವಧಿ, ವಯಸ್ಸು ಮೂರೂ ಸೇರುತ್ತವೆ. ಅತಿ ಮೇಲಿನ ದರ್ಜೆ ಸಿಕ್ಕರೆ ನಿಮ್ಮ ಸ್ವಂತ ಮೊದಲ ಪಿಕ್‌ನ ಹಿಂದೆಯೇ ಇನ್ನೊಂದು ಬರುತ್ತೆ. 2013ರಲ್ಲಿ ಬಡ್ಡಿ ಫ್ರಾಂಕ್ಲಿನ್ ಸಿಡ್ನಿಗೆ ಹೋದ, ಒಂಬತ್ತು ವರ್ಷಕ್ಕೆ ಒಂದು ಕೋಟಿ ಡಾಲರ್. ಹಾಥಾರ್ನ್ ಆ ವರ್ಷದ ಚಾಂಪಿಯನ್, ಅದಕ್ಕೇ ಅವರಿಗೆ ಸಿಕ್ಕಿದ್ದು 19ನೇ ಪಿಕ್. 2020ರಲ್ಲಿ ಜೋ ಡೇನಿಹರ್ ಬ್ರಿಸ್ಬೇನ್‌ಗೆ ಹೋದಾಗ ನಾವು ಕೆಳಗಿದ್ವಿ, ನಮಗೆ 7. ಬಡ್ಡಿಗೆ 19, ಡೇನಿಹರ್‌ಗೆ 7! ಹೆಸರಲ್ಲ, ಅಂಕಪಟ್ಟಿಯ ಜಾಗ ಮಾತಾಡುತ್ತೆ. ಆದರೆ 32ರ ಆಟಗಾರನಿಗೆ ಯಾರೂ ಉದ್ದದ ಕರಾರು ಬರೆಯಲ್ಲ, ಹಾಗಾಗಿ ಮೇಲಿನ ದರ್ಜೆ ನಂಬಿಕೊಂಡು ಕೂರೋದು ದಡ್ಡತನ.

ಹುಬ್ಬಳ್ಳಿ ಬಾಂಬರ್

ಪಿಕ್ ಪಿಕ್ ಅಂತ ಕುಣದಾಡ್ತೀರಲ್ರೀ, 2020 ನೆನಪೈತೇನು? ಡೇನಿಹರ್ ಹೋಗಿದ್ದಕ್ಕ 7, ಸಾದ್ ಕಾರ್ಲ್‌ಟನ್‌ಗೆ ಹೋಗಿದ್ದಕ್ಕ 8, ನಮ್ಮದ ಸ್ವಂತದ್ದು 6. ಡ್ರಾಫ್ಟ್ ರಾತ್ರಿ ಉಗಲ್-ಹೇಗನ್ ಮತ್ತ ಬ್ರೇಡನ್ ಕ್ಯಾಂಪ್‌ಬೆಲ್ ಅನ್ನೋ ಅಕಾಡೆಮಿ ಹುಡುಗರ ಬಿಡ್ ಅವರವರ ಕ್ಲಬ್ ಸರಿಗಟ್ಟಿದ್ದಕ್ಕ ಮೂರೂ ಎರಡೆರಡು ಮೆಟ್ಟಲಾ ಜಾರಿ 8, 9, 10 ಆದ್ವು. ಅದರಾಗ ಬಂದವರು ನಿಕ್ ಕಾಕ್ಸ್, ಆರ್ಚಿ ಪರ್ಕಿನ್ಸ್, ಝ್ಯಾಕ್ ರೀಡ್. ಕಾಕ್ಸ್ ಮತ್ತ ರೀಡ್ ಆಡಿದ್ದಕ್ಕಿಂತ ಗಾಯದ ಪಟ್ಟ್ಯಾಗ ಇದ್ದದ್ದ ಜಾಸ್ತಿ. ಮೂರು ಟಾಪ್ ಟೆನ್ ಪಿಕ್ ಒಂದ ಸಲಕ್ಕ ಸಿಕ್ಕೂ 2004ರ ನಂತರ ನಾವು ಲೀಗ್ ಹಂತ ಮುಗಿದ ಮ್ಯಾಲಿನ ಫೈನಲ್ಸ್‌ನಾಗ ಒಂದರ ಪಂದ್ಯ ಗೆದ್ದೇವೇನು?

ಅದಕ್ಕ ಹೇಳೂದು, ಪಿಕ್ ಜತಿಗೆ ಆಡೋ ಮನಶ್ಯಾನ್ನ ತಗೋಬೇಕು. 21-22 ವಯಸ್ಸಿನವ, 30-40 ಪಂದ್ಯ ಆಡಿದವ. ಅವನ ಮೈ ತಡೀತದೋ ಇಲ್ಲೋ ಅಷ್ಟೊತ್ತಿಗೆ ಗೊತ್ತಾಗಿರ್ತದ.

ಕ್ಯಾಪ್ ಕಾವಲು

2025ರಲ್ಲೇ ಒಳ್ಳೆ ಅಳತೆಗೋಲು ಇದೆ, ಯಾಕೆ ಯಾರೂ ಹೇಳ್ತಿಲ್ಲ? ಮೆಲ್ಬರ್ನ್ ಡೀಮನ್ಸ್ ಒಂದೇ ಟ್ರೇಡ್ ಅವಧಿಯಲ್ಲಿ ಇಬ್ಬರು ದೊಡ್ಡ ಮಿಡ್‌ಫೀಲ್ಡರ್‌ಗಳನ್ನ ಬಿಟ್ಟಿತು. ಕ್ರಿಶ್ಚಿಯನ್ ಪೆಟ್ರಾಕಾ ಗೋಲ್ಡ್ ಕೋಸ್ಟ್‌ಗೆ, ಕ್ಲೇಟನ್ ಆಲಿವರ್ ಜಿಡಬ್ಲ್ಯುಎಸ್‌ಗೆ. ಪೆಟ್ರಾಕಾ ಮೆರೆಟ್‌ಗಿಂತ ಮೂರೇ ತಿಂಗಳು ಚಿಕ್ಕವನು, ಅವನಿಗೂ ವರ್ಷಗಟ್ಟಲೆ ಕರಾರು ಬಾಕಿ ಇತ್ತು. ಅವನಿಗೆ 7, 8 ಮತ್ತು 2026ರ ಮೊದಲ ಸುತ್ತು ಬಂತು. ಆಲಿವರ್‌ಗೆ ಬಂದಿದ್ದು ಮುಂದಿನ ವರ್ಷದ ಒಂದು ಮೂರನೇ ಸುತ್ತು, ಅದರ ಮೇಲೆ ಸಂಬಳದ ಒಂದು ಪಾಲನ್ನ ಮೆಲ್ಬರ್ನೇ ಕಟ್ಟಬೇಕು. ವ್ಯತ್ಯಾಸ ಎಲ್ಲಿ? ಆಲಿವರ್‌ನ ಉದ್ದ ಕರಾರು ಅವನ ಈಗಿನ ಆಟಕ್ಕಿಂತ ಭಾರ. ಅಂಥ ಕಡೆ ಕರಾರು ಆಸ್ತಿ ಅಲ್ಲ, ಸಾಲ.

ಸಾಲ ಅಂದಾಗ ಜ್ಯಾಕ್ ಬೋಸ್ ಪ್ರಕರಣ ನೋಡಿ. 2022ರಲ್ಲಿ ಗೋಲ್ಡ್ ಕೋಸ್ಟ್ ಅವನ ಸಂಬಳದಿಂದ ಬಿಡಿಸ್ಕೊಳ್ಳೋಕೆ ಅವನ ಜೊತೆ 7ನೇ ಪಿಕ್ಕನ್ನೂ ಜೀಲಾಂಗ್‌ಗೆ ಕೊಟ್ಟು, ಒಂದು ಮುಂದಿನ ವರ್ಷದ ಮೂರನೇ ಸುತ್ತು ಇಸ್ಕೊಂಡಿತು. ಆ ವರ್ಷದ ಚಾಂಪಿಯನ್ ತಂಡಕ್ಕೆ 7ನೇ ಪಿಕ್! ವಿಲ್ ಆಶ್‌ಕ್ರಾಫ್ಟ್ ಬಿಡ್ ಮುಂದೆ ಬಂದಿದ್ದಕ್ಕೆ ಅದು 8 ಆಯ್ತು, ಜೈ ಕ್ಲಾರ್ಕ್ ಬಂದ.

ಮೆರೆಟ್ ಕರಾರು ಒಂದೇ ವರ್ಷ ಉಳಿದಿರುತ್ತೆ, ಹಾಗಾಗಿ ಕೊಳ್ಳುವವರಿಗೆ ಸಾಲದ ಭಯ ಇಲ್ಲ. ಸಂಬಳದ ಒಂದು ಪಾಲು ನಾವು ಕಟ್ತೀವಿ ಅಂತ ಮುಂದಾದರೆ ಅದಕ್ಕೂ ಪಿಕ್ ಬೆಲೆ ಕೇಳಬಹುದು. ಎಸೆಂಡನ್ ಕ್ಯಾಪ್‌ನಲ್ಲಿ (ಕ್ಲಬ್‌ನ ಒಟ್ಟು ಸಂಬಳದ ಮಿತಿ) ಜಾಗ ಇದ್ದರೆ ಇದು ಅತಿ ಅಗ್ಗದ ದಾರಿ, ಯಾಕಂದ್ರೆ ಕ್ಯಾಪ್‌ನ 95% ಪ್ರತಿ ಕ್ಲಬ್ ಖರ್ಚು ಮಾಡಲೇಬೇಕು. ದೊಡ್ಡ ಸಂಬಳದವನು ಹೋದಮೇಲೆ ಆ ಗೆರೆ ಮುಟ್ಟೋಕೆ ಸಾಧಾರಣ ಆಟಗಾರರಿಗೆ ಮುಂಗಡ ಸುರಿಯೋದಕ್ಕಿಂತ ಇದು ವಾಸಿ.

ಕೆಂಪುಪಟ್ಟೆ

ಪೆಟ್ರಾಕಾ ಹೋಲಿಕೆ ಒಪ್ಪಿದೆ. ಆದರೆ ಅವನು ಎಷ್ಟೋ ವರ್ಷ ಕರಾರು ಇದ್ದವನು, ನಮ್ಮವನದು ಮುಂದಿನ ಅಕ್ಟೋಬರ್‌ಗೆ ಒಂದೇ ವರ್ಷ. ಹಾಗಾದ್ರೆ ಬೇಡಿಕೆ ತಿದ್ದುತೀನಿ: ಟಾಪ್ 12ರೊಳಗಿನ ಒಂದು ಪಿಕ್, ಒಬ್ಬ ಹುಡುಗ, ಮತ್ತು ಒಂದು ಮುಂದಿನ ಪಿಕ್. 2025ರಿಂದ ಎರಡು ವರ್ಷ ಮುಂದಿನ ಪಿಕ್ಕೂ ಮಾರಬಹುದಲ್ಲ, 2027ರದ್ದು ಕೇಳೋದಾ, 2028ರದ್ದಾ?

ಲೆಕ್ಕದ ಕಟ್ಟು

2027ರದ್ದು ಮಾತ್ರ ಬೇಡ. ಟಾಸ್ಮೇನಿಯಾ ಡೆವಿಲ್ಸ್ ಅನ್ನೋ ಹೊಸ ಕ್ಲಬ್ 2028ರಲ್ಲಿ ಕಣಕ್ಕೆ ಇಳಿಯಬೇಕು. ಅವರಿಗೆ ತಂಡ ಕಟ್ಟೋಕೆ ಕೊಡೋ ವಿಶೇಷ ಪಿಕ್‌ಗಳು 2027ರ ಡ್ರಾಫ್ಟ್‌ನ ಮೇಲ್ತುದಿಯಲ್ಲೇ ಕೂರುತ್ತವೆ. ಉಳಿದವರ ಮೊದಲ ಸುತ್ತೆಲ್ಲ ಹಿಂದಕ್ಕೆ ಹೋಗುತ್ತೆ. 2025ರಲ್ಲಿ ಸರಿಗಟ್ಟಿದ ಬಿಡ್‌ಗಳಿಂದಲೇ ಮೆಲ್ಬರ್ನ್‌ನ 7, 8 ಜಾರಿ 11, 12 ಆದವು. ಅದರ ಮೇಲೆ ಒಂದು ಇಡೀ ಕ್ಲಬ್ ಮುಂದೆ ಬಂದು ಕೂತರೆ 16ನೇ ಪಿಕ್ ಅಂದ್ಕೊಂಡು ತಗೊಂಡಿದ್ದು ಯಾವ ಊರು ಸೇರುತ್ತೋ.

ವಿಂಡಿ ಹಿಲ್ ಗಾಳಿ

ಹಾಥಾರ್ನ್‌ನ ಸ್ವಂತ ಪಿಕ್ಕೇ ಬೇಕು ಅಂತ ಹಟ ಯಾಕೆ? ಮೂರನೇ ಕ್ಲಬ್ ಒಳಗೆ ತನ್ನಿ. 2018ರ ಆ 6ನೇ ಪಿಕ್ ನೆನಪಿಸ್ಕೊಳ್ಳಿ: ನೀಲ್‌ಗಾಗಿ ಬ್ರಿಸ್ಬೇನ್‌ನಿಂದ ಫ್ರೀಮ್ಯಾಂಟಲ್‌ಗೆ, ಜೆಸ್ಸಿ ಹೋಗನ್‌ಗಾಗಿ ಫ್ರೀಮ್ಯಾಂಟಲ್‌ನಿಂದ ಮೆಲ್ಬರ್ನ್‌ಗೆ, ಸ್ಟೀವನ್ ಮೇ ಮತ್ತು ಕೊಲೊಜಾಶ್ನಿಗಾಗಿ ಮೆಲ್ಬರ್ನ್‌ನಿಂದ ಗೋಲ್ಡ್ ಕೋಸ್ಟ್‌ಗೆ, ಅಲ್ಲಿ ಬೆನ್ ಕಿಂಗ್. ಒಂದೇ ಚೀಟಿ, ನಾಲ್ಕು ಕ್ಲಬ್. ಮೇ 2021ರಲ್ಲಿ ಚಾಂಪಿಯನ್ ಆದ. ಪಿಕ್ ಕೈಯಲ್ಲಿಟ್ಟುಕೊಂಡು ಡ್ರಾಫ್ಟ್ ರಾತ್ರಿವರೆಗೂ ಕೂರದೆ, ಅದೇ ವಾರ ಒಬ್ಬ ಸಿದ್ಧ ಡಿಫೆಂಡರ್‌ಗೆ ಬದಲಾಯಿಸಿದ್ದಕ್ಕೆ ಅವರಿಗೆ ಆಟ ಗಿಟ್ಟಿತು. ಹೋಗನ್‌ನ ಕೊಂಡ ಫ್ರೀಮ್ಯಾಂಟಲ್ ಎರಡೇ ವರ್ಷಕ್ಕೆ ಅವನನ್ನ 54ನೇ ಪಿಕ್‌ಗೆ ಬಿಟ್ಟಿತು, ಅವನು ಜಿಡಬ್ಲ್ಯುಎಸ್‌ನಲ್ಲಿ 2024ರ ಕೋಲ್‌ಮನ್ ಪದಕ (ಅತಿ ಹೆಚ್ಚು ಗೋಲ್ ಹೊಡೆದವನಿಗೆ) ಗೆದ್ದ. ಇದೂ ಲೆಕ್ಕದಲ್ಲಿರಲಿ.

ಹುಬ್ಬಳ್ಳಿ ಬಾಂಬರ್

ಜಿಡಬ್ಲ್ಯುಎಸ್‌ನಿಂದ ಬಂದ ಡಿಲನ್ ಶೀಲ್‌ನೂ ಲೆಕ್ಕದಾಗ ಹಿಡೀರಿ. 2018ರಾಗ 9ನೇ ಪಿಕ್ ಮತ್ತ ಮುಂದಿನ ವರ್ಷದ ಮೊದಲ ಸುತ್ತು ಕೊಟ್ಟು ತಂದ್ವಿ. ಕೊಳ್ಳಾಕ ಹೋದಾಗ ಎರಡು ಮೊದಲ ಸುತ್ತು ಬಿಚ್ಚತೀವಿ, ಮಾರಾಕ ಹೋದಾಗ ಒಂದಕ್ಕ ಅಂಗಲಾಚ್ತೀವಿ.

ಕ್ಯಾಪ್ ಕಾವಲು

ಅದು ಬಿಡಿ, ಶೀಲ್‌ಗೆ ಆಗ 25. ಕೆಂಪುಪಟ್ಟೆ, ನಿಮ್ಮ ತಿದ್ದಿದ ಬೇಡಿಕೆಯಲ್ಲಿ ಒಂದು ಬದಲಾವಣೆ: ಟಾಪ್ 12 ಅಂತ ಬರೆಯುವಾಗ ಬಿಡ್‌ಗಳು ಬಂದ ಮೇಲೆ 12ರೊಳಗೆ ಉಳಿಯುವ ಪಿಕ್ ಅಂತ ಇಟ್ಕೊಳ್ಳಿ. ಅಂದ್ರೆ ಕಾಗದದ ಮೇಲೆ 8 ಅಥವಾ ಅದಕ್ಕಿಂತ ಮೇಲೆ. ಸಂಬಳದ ಪಾಲಿನ ಮಾತನ್ನ ಮೊದಲ ದಿನ ಎತ್ತಬೇಡಿ. ಕೊನೆ ದಿನ ಸಂಜೆ, ಅವರ ಪಿಕ್ ಮತ್ತು ನಮ್ಮ ಬೇಡಿಕೆ ನಡುವೆ ಹತ್ತು ಮೆಟ್ಟಿಲು ಉಳಿದಾಗ ಅದನ್ನ ತೆಗೀಬೇಕು.